ಅಂಚೆಪೆಟ್ಟಿಗೆಯಲ್ಲಿ ವಾಸವಿರುವ ನಲವತ್ತಮೂರು ಮತದಾರರು

ಗೆ,
ಶ್ರೀಮಾನ್ ಆಂಡ್ರ್ಯೂ ಪೊರ್ಬುಗಳು,
ಅಧ್ಯಕ್ಷರು, ಕ್ಷೇತ್ರ ಮರುವಿಂಗಡಣಾ ಉಪಸಮಿತಿ,
ಕಡಲಾಚೆ ಕರಾವಳಿ ಕೂಟ, ಒಮಾನ್.

ಸ್ಥಳ: ವಾದಿ ಕಬೀರ್ (ತಮ್ಮ ದಾಖಲೆಯ ಪ್ರಕಾರ ಇಬ್ರಾ)
ವಿಷಯ: ಕೂಟದ ಚುನಾವಣೆಯಲ್ಲಿ ನಾನು ಗೆದ್ದಿರುವ ಬಗ್ಗೆ ದೂರು.

ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಕಂಪ್ಯೂಟರೂ ಸುಖವಾಗಿರುವಿರೆಂದು ನಂಬಿ, ಈ ಬಿಸಿಲಿನಲ್ಲಿ ತಮ್ಮ ಏಸಿ ಒಂದು ದಿನವೂ ಮುನಿಸಿಕೊಳ್ಳದಿರಲೆಂದು ಹಾರೈಸಿ, ವಾದಿ ಕಬೀರಿನ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫೋರ್‌ಮನ್ ಆಗಿರುವ ಸಿರಾಜುದ್ದೀನನು ತಮಗೆ ಸಲಾಂ, ನಮಸ್ಕಾರ ಎರಡನ್ನೂ ಒಟ್ಟಿಗೇ ಒಪ್ಪಿಸುತ್ತಿದ್ದಾನೆ. ಸೋತವರು ದೂರು ಬರೆಯುವುದು ಲೋಕರೂಢಿ. ಗೆದ್ದವನು ಬರೆದದ್ದನ್ನು ತಾವು ಕಂಡಿರಲಾರಿರಿ. ಆದರೆ ಯಾರೂ ಮಾಡದ್ದನ್ನು ಮಾಡುವುದರಲ್ಲಿ ನಾನು ಮೊದಲಿನಿಂದಲೂ ಒಂದು ಕೈ ಮುಂದೆ ಎಂಬುದು ನಮ್ಮ ಗ್ಯಾರೇಜಿನಲ್ಲಿ ಯಾರನ್ನು ಕೇಳಿದರೂ ತಿಳಿಯುತ್ತದೆ. ಯಾರೂ ಹೇಳದಿದ್ದರೆ ನಾನೇ ಹೇಳುತ್ತೇನೆ.

ಮೊದಲಿಗೆ ತಮ್ಮ ನಕ್ಷೆಯನ್ನು ಹೊಗಳುವುದು ನನ್ನ ಕರ್ತವ್ಯ. ನಾನು ಊರಿನ ಸರಕಾರಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನಾದರೂ ಭೂಪಟದ ವಿಷಯದಲ್ಲಿ ನನ್ನನ್ನು ಮೀರಿಸುವವರು ಆಗ ಇರಲಿಲ್ಲ. ಕಣ್ಣು ಮುಚ್ಚಿ ಭಾರತವನ್ನು ಬಿಡಿಸುತ್ತಿದ್ದೆ. ಶ್ರೀಲಂಕಾ ಮಾತ್ರ ಒಂದೆರಡು ಸಲ ಗುಜರಾತಿನ ಬದಿಗೆ ಹೋದದ್ದುಂಟು. ಅದಕ್ಕೇ ನಮ್ಮ ಮಾಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ತಾವಾದರೋ ವಾದಿ ಕಬೀರನ್ನು ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಇಬ್ರಾಕ್ಕೆ ಎತ್ತಿಟ್ಟಿದ್ದೀರಿ, ಮತ್ತು ತಮ್ಮನ್ನು ಉಪಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದ್ದಾರೆ. ವಿದ್ಯೆಗೆ ಬೆಲೆ ಬಂದ ಕಾಲ ಇದು.

ಈ ಪತ್ರ ಬಹಿರಂಗವಾದ್ದರಿಂದ ಸಂಗತಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಕೂಟಕ್ಕೆ ಒಮಾನಿನಲ್ಲಿ ಎಂಟು ಕ್ಷೇತ್ರಗಳು, ಕ್ಷೇತ್ರಕ್ಕೊಬ್ಬ ಪ್ರತಿನಿಧಿ. ವಾದಿ ಕಬೀರಿಗೆ ಹದಿನಾಲ್ಕು ವರ್ಷ ನಾನೇ ಪ್ರತಿನಿಧಿಯಾಗಿದ್ದೆ. ನನ್ನ ಎದುರು ನಿಂತವರಿಲ್ಲ, ನಿಲ್ಲಬೇಕೆಂದು ಎದ್ದವರನ್ನು ಚಾ ಕುಡಿಸಿ ಕೂರಿಸಿದ್ದೇನೆ. ಕೂಟಕ್ಕೆ ಒಂದು ವ್ಯಾನ್ ಉಂಟು, ವ್ಯಾನಿನಲ್ಲಿ ಒಂದು ಮದ್ದಿನ ಪೆಟ್ಟಿಗೆ ಉಂಟು, ಆ ಪೆಟ್ಟಿಗೆಯ ಬೀಗದ ಕೈ ಮಾರ್ಗರೆಟ್ ಬಾಯಿಯವರಲ್ಲಿ ಉಂಟು. ಅವರು ವಾರವಿಡೀ ಆಸ್ಪತ್ರೆಯಲ್ಲಿ ನರ್ಸ್. ಶುಕ್ರವಾರ ರಜೆಯ ದಿನ, ಪುಣ್ಯಕ್ಕೆ, ನಮ್ಮವರ ಬಿಪಿ ನೋಡುತ್ತಾರೆ, ಸಕ್ಕರೆ ಕಾಯಿಲೆ ನೋಡುತ್ತಾರೆ, ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ. ಹೆಚ್ಚು ಸದಸ್ಯರಿರುವ ಕ್ಷೇತ್ರಕ್ಕೆ ವ್ಯಾನ್ ಪ್ರತಿ ಶುಕ್ರವಾರ, ಕಡಿಮೆ ಇರುವಲ್ಲಿಗೆ ಎರಡು ತಿಂಗಳಿಗೊಮ್ಮೆ ಎಂಬುದು ನಿಯಮ. ಆದ್ದರಿಂದ ಅದು ಪ್ರತಿ ಶುಕ್ರವಾರ ನಮ್ಮ ಕಟ್ಟಡದ ಕೆಳಗೇ ನಿಲ್ಲುತ್ತಿತ್ತು.

ಹೀಗಿರಲು ತಾವು ಕ್ಷೇತ್ರಗಳನ್ನು ವೈಜ್ಞಾನಿಕವಾಗಿ ಮರುವಿಂಗಡಣೆ ಮಾಡಿದಿರಿ. ಈ ದೇಶದಲ್ಲಿ ಮನೆ ಬಾಗಿಲಿಗೆ ಪೋಸ್ಟ್‌ಮ್ಯಾನ್ ಬರುವ ಪದ್ಧತಿ ಇಲ್ಲ, ವಿಳಾಸ ಬರೆ ಎಂದರೆ ನಮ್ಮಂಥವರು ಕೆಲಸ ಕೊಟ್ಟವರ ಅಂಚೆಪೆಟ್ಟಿಗೆಯ ನಂಬ್ರ ಬರೆಯುತ್ತೇವೆ ಎಂಬುದು ಇಲ್ಲಿಗೆ ಬಂದು ವಾರವಾದವನಿಗೂ ಗೊತ್ತು. ನಮ್ಮ ಗ್ಯಾರೇಜು ವಾದಿ ಕಬೀರಿನಲ್ಲಿದ್ದರೂ ನಮಗೆ ವೀಸಾ ಕೊಟ್ಟ ಧಣಿ, ಅಂದರೆ ಕಫೀಲರು, ಇಬ್ರಾದವರು, ಅವರ ಪೆಟ್ಟಿಗೆ ಇನ್ನೂರ ಹದಿನೇಳು ಇರುವುದು ಇಬ್ರಾದ ಅಂಚೆ ಕಚೇರಿಯಲ್ಲಿ. ತಮ್ಮ ಕಂಪ್ಯೂಟರ್ ಆ ನಂಬ್ರವನ್ನು ನೋಡಿತು, ನಲವತ್ತಮೂರು ಸದಸ್ಯರನ್ನು ಗುಡಿಸಿ ಇಬ್ರಾಕ್ಕೆ ಹಾಕಿತು. ಒಂದು ಮೊಳ ಉದ್ದದ ಪೆಟ್ಟಿಗೆಯಲ್ಲಿ ನಲವತ್ತಮೂರು ಜನ ಹೇಗೆ ಮಲಗುತ್ತಾರೆ, ಅದರಲ್ಲಿ ತಗಡು ತಟ್ಟುವ ಬೆಂಡರ್, ಪೈಂಟರ್, ಎಲೆಕ್ಟ್ರಿಷಿಯನ್‌ಗಳಿಗೆ ಬೇರೆ ಬೇರೆ ಕೋಣೆ ಉಂಟೋ ಎಂದು ತಾವು ಒಂದು ಫೋನ್ ಮಾಡಿ ಕೇಳಬಹುದಿತ್ತು. ತೊಂದರೆ ಕೊಡಬಾರದೆಂಬ ತಮ್ಮ ದೊಡ್ಡ ಮನಸ್ಸು ಅಡ್ಡ ಬಂದಿರಬೇಕು. ಇಬ್ರಾದಲ್ಲಿ ನಿಜವಾಗಿ ಇದ್ದವರು ಒಂಬತ್ತು ಮತದಾರರು, ಈಗ ಐವತ್ತೆರಡು. ವಾದಿ ಕಬೀರಿನಲ್ಲಿ ಉಳಿದದ್ದು ಹದಿನಾರು ಹೆಸರು.

ಮರುವಿಂಗಡಣೆಯ ನಂತರದ ಮೊದಲ ಶುಕ್ರವಾರ ಬೆಳಿಗ್ಗೆ ಮಾರ್ಗರೆಟ್ ಬಾಯಿ ಎಂದಿನಂತೆ ನಮ್ಮದೇ ಕಟ್ಟಡದ ಎರಡನೆಯ ಮಾಳಿಗೆಯಿಂದ ಇಳಿದು ಬಂದರು, ವ್ಯಾನ್ ಹತ್ತಿದರು, ವ್ಯಾನ್ ಇಬ್ರಾದ ಕಡೆಗೆ ಹೊರಟಿತು. ಮೆಟ್ಟಿಲ ಬುಡದಲ್ಲಿ ಪೈಂಟರ್ ಕೊಗ್ಗ ಒಂದು ಕಾಲಿನ ಚಪ್ಪಲಿ ಕಳಚಿಟ್ಟು ಕೂತೇ ಇದ್ದ. ಕೊಗ್ಗ ನನ್ನ ಜೊತೆ ಹತ್ತೊಂಬತ್ತು ವರ್ಷದಿಂದ ಒಂದೇ ಕೋಣೆಯಲ್ಲಿ ಇರುವವನು. ಅವನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳಿನ ಗಾಯಕ್ಕೆ ಆರು ತಿಂಗಳಿಂದ ಬಾಯಿಯವರೇ ಪಟ್ಟಿ ಬದಲಿಸುವುದು. ಬೇರೆ ಕ್ಲಿನಿಕ್ಕಿಗೆ ಹೋಗುವಾ ಎಂದರೆ, "ನೋಡಿ ಗುರ್ತ ಇರುವ ಕೈ ಬಿಟ್ಟು ಬೇರೆಯವರ ಕೈಗೆ ಕಾಲು ಕೊಡುವ ಜಾತಿ ನನ್ನದಲ್ಲ ಬ್ಯಾರಿಗಳೇ" ಎನ್ನುವ ಹಟಮಾರಿ. ಸಂಜೆ ಬಾಯಿಯವರು ಹಿಂದಿರುಗಿದಾಗ ನಾನು ಕೇಳಿದೆ. ಅವರು ಮೆಟ್ಟಿಲ ಮೇಲೇ ಕೂತು ಹೇಳಿದ್ದಿಷ್ಟು: "ನಾನೆಂತ ಮಾಡುದು ಸಿರಾಜಾಕ? ಇಬ್ರಾದ ಮತದಾರರಿಗೆ ಇಬ್ರಾದಲ್ಲೇ ಮದ್ದಿನ ಪೆಟ್ಟಿಗೆ ತೆರೀಬೇಕಂತೆ. ತಪ್ಪಿದ್ರೆ ವ್ಯಾನೇ ಬಂದ್ ಅಂತ ಗ್ರೂಪಿನಲ್ಲಿ ಹಾಕಿದ್ದಾರೆ. ಆದ್ರೆ ಒಂದು ಮಾತು, ಇನ್ನೊಂದು ವಾರ ತಪ್ಪಿದ್ರೆ ಆ ಬೆರಳು ನನ್ನ ಕೈಯಲ್ಲಿಲ್ಲ."

ತಮ್ಮ ಆ ಸಂದೇಶವನ್ನು ನಾನೂ ಓದಿದ್ದೆ. ದಪ್ಪ ಅಕ್ಷರದಲ್ಲಿತ್ತು, ಕೊನೆಯಲ್ಲಿ ಕೈಮುಗಿಯುವ ಎರಡು ಚಿತ್ರಗಳಿದ್ದವು. ಇಬ್ರಾದವರು ವಾದಿ ಕಬೀರಿನಲ್ಲಿ ವ್ಯಾನ್ ಹತ್ತುವಂತೆಯೂ ಇಲ್ಲ ಎಂಬುದನ್ನು ತಾವು ಅದರಲ್ಲೇ ಸ್ಪಷ್ಟಪಡಿಸಿದ್ದರಿಂದ ಚರ್ಚೆಗೆ ಅವಕಾಶವೇ ಉಳಿಯಲಿಲ್ಲ. ತಮ್ಮ ಆಡಳಿತದ ಸೊಗಸೇ ಅದು.

ಹಾಗಾಗಿ ಮುಂದಿನ ಶುಕ್ರವಾರ ನಡೆದ ಮೆರವಣಿಗೆಯನ್ನು ತಾವು ಕಣ್ಣಾರೆ ನೋಡಬೇಕಿತ್ತು. ಮುಂದೆ ಖಾಲಿ ವ್ಯಾನ್, ಅದರಲ್ಲಿ ಮಾರ್ಗರೆಟ್ ಬಾಯಿ. ಹಿಂದೆ ಕೆಟ್ಟ ಕಾರುಗಳನ್ನು ಹೊತ್ತು ತರುವ ನಮ್ಮ ರಿಕವರಿ ಗಾಡಿ, ಅದರಲ್ಲಿ ಸ್ಟೇರಿಂಗ್ ಹಿಡಿದ ನಾನು, ಡ್ಯಾಶ್‌ಬೋರ್ಡಿನ ಮೇಲೆ ಕಾಲಿಟ್ಟ ಕೊಗ್ಗ. ಒಂದೇ ಕಟ್ಟಡದ ರೋಗಿ, ಒಂದೇ ಕಟ್ಟಡದ ನರ್ಸ್, ಬಿದ್‌ಬಿದ್ ಎಂಬ ಊರು ದಾಟಿ, ಗುಡ್ಡಗಳ ನಡುವೆ ಎರಡು ಗಂಟೆ ಒಬ್ಬರ ಹಿಂದೊಬ್ಬರು ಓಡಿ ಇಬ್ರಾದಲ್ಲಿ ಭೇಟಿಯಾದರು. ದಾರಿಯಲ್ಲಿ ಕೊಗ್ಗ ಒಮ್ಮೆ ಮಾತ್ರ ಬಾಯಿ ಬಿಟ್ಟ: "ಅಲ್ಲ ಬ್ಯಾರಿಗಳೇ, ಇಡೀ ಕೊಗ್ಗ ಹೋಗಬೇಕೋ, ಇಲ್ಲಾ ಬೆರಳು ಮಾತ್ರ ಕಳಿಸಿದರೆ ಸಾಕೋ, ಒಮ್ಮೆ ಪೊರ್ಬುಗಳ ಹತ್ರ ಕೇಳಿ." ನಾನು ನಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವನ ಮಾತಿಗೆ ನಾನು ನಗದೆ ಇದ್ದದ್ದು ಅದೇ ಮೊದಲು.

ಇಬ್ರಾದಲ್ಲಿ ವ್ಯಾನ್ ನಿಲ್ಲುವುದು ಸೂಕ್ ಎನ್ನುವ ಪೇಟೆಯ ಹತ್ತಿರ ಉಮಾವತಿಯಕ್ಕನ ಹೊಲಿಗೆ ಅಂಗಡಿಯ ಮುಂದೆ. ಆ ಕ್ಷೇತ್ರಕ್ಕೆ ಹನ್ನೊಂದು ವರ್ಷ ಆಕೆಯೇ ಪ್ರತಿನಿಧಿ. ಕೊಗ್ಗನನ್ನು ಕಂಡದ್ದೇ ಕತ್ತರಿಸಿಟ್ಟಿದ್ದ ಬಟ್ಟೆಯನ್ನೆಲ್ಲ ಮೇಜಿನಿಂದ ಸರಿಸಿ ಕಾಲು ಅದರ ಮೇಲೆ ಇಡಿಸಿದಳು, ಚಾ ಕೊಟ್ಟಳು, ಕೊಗ್ಗ ಬೇಡವೆಂದರೂ ಸಕ್ಕರೆ ಹಾಕದೆ ಕೊಟ್ಟಳು. ಅಲ್ಲಿ ಅಮೀನತ್ ಎಂಬ ನಮ್ಮೂರ ಕಡೆಯ ಹೆಂಗಸೊಬ್ಬರು ಬಿಪಿ ನೋಡಿಸಲು ಕೂತಿದ್ದರು. "ಎರಡು ತಿಂಗಳಿಗೊಮ್ಮೆ ಬರ್ತಿದ್ದ ವ್ಯಾನು ಈಗ ವಾರ ವಾರ ಬರ್ತದೆ, ಯಾರು ಪುಣ್ಯ ಮಾಡಿದ್ರೋ" ಎಂದರು. ಆ ಪುಣ್ಯಾತ್ಮರ ಹೆಸರನ್ನು ನಾನು ಹೇಳಲಿಲ್ಲ. ಅದು ತಾವು, ಮಾನ್ಯರೇ.

ಅಷ್ಟರಲ್ಲಿ ಚುನಾವಣೆ ಬಂತು. ನನ್ನ ಹದಿನಾಲ್ಕು ವರ್ಷದ ಕುರ್ಚಿ ವಾದಿ ಕಬೀರಿನಲ್ಲಿ, ನಾನು ಮತದಾರ ಇಬ್ರಾದಲ್ಲಿ. ಇನ್ನೊಬ್ಬನಾಗಿದ್ದರೆ ಮನೆಯಲ್ಲಿ ಕೂರುತ್ತಿದ್ದ. ನಾನು ಇಬ್ರಾದಲ್ಲೇ ನಿಂತೆ. ತಮ್ಮ ಗೆರೆಯೊಳಗೇ ಗೆದ್ದು ತೋರಿಸುತ್ತೇನೆಂಬ ಹುಮ್ಮಸ್ಸಿನಲ್ಲಿ, ಎದುರು ನಿಂತವಳು ಉಮಾವತಿ ಎಂಬುದನ್ನು ನಾನು ಸರಿಯಾಗಿ ಯೋಚಿಸಲಿಲ್ಲ. ಫೋನಿನಲ್ಲೇ ಮತ ಒತ್ತುವ ವ್ಯವಸ್ಥೆಯಾದ್ದರಿಂದ ನಮ್ಮ ಗ್ಯಾರೇಜಿನವರು ಊಟದ ಬಿಡುವಿನಲ್ಲಿ ಗ್ರೀಸ್ ಒರೆಸಿಕೊಂಡು ಒತ್ತಿದರು. ಫಲಿತಾಂಶ: ನನಗೆ ನಲವತ್ತೊಂದು, ಉಮಾವತಿಗೆ ಹತ್ತು, ಒಬ್ಬರು ಮತ ಹಾಕಲೇ ಇಲ್ಲ. ಒಂಬತ್ತು ಜನ ಇರುವಲ್ಲಿ ಹತ್ತನೆಯ ಮತ ಎಲ್ಲಿಂದ ಬಂತೆಂದು ನಾನು ಪತ್ತೆ ಮಾಡುವ ಮೊದಲೇ ಕೊಗ್ಗ ಕೈ ಎತ್ತಿದ. "ನನ್ನ ಕಾಲು ಅವರ ಮೇಜಿನ ಮೇಲೆ ಇತ್ತು ಬ್ಯಾರಿಗಳೇ. ಕೈ ಬೇರೆ ಕಡೆ ಹೋಗಲಿಲ್ಲ" ಎಂದ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಮೀನುಸಾರು ಮಾಡುವ ಸರದಿ ಅವನದ್ದಾದ್ದರಿಂದ ಮಾತಾಡಬೇಕಾಯಿತು.

ಗೆದ್ದ ಸಂಜೆ ಗ್ಯಾರೇಜಿನ ಹುಡುಗರೆಲ್ಲ ನನ್ನನ್ನು ರಿಕವರಿ ಗಾಡಿಯ ಮೇಲೆ ನಿಲ್ಲಿಸಿ ಸುತ್ತು ಹಾಕಿಸಿದರು. ಇಳಿಯುವಾಗ ಉಮಾವತಿಯ ಫೋನ್. ಬೈಯುತ್ತಾಳೆಂದು ಕಾದೆ. "ಖುಷಿ ಆಯ್ತು ಸಿರಾಜಾಕ. ಇನ್ನು ವ್ಯಾನ್ ಕ್ಷೇತ್ರದಲ್ಲಿ ಎಲ್ಲಿ ನಿಲ್ಲಬೇಕು ಅಂತ ಹೇಳುವವರು ನೀವಲ್ವಾ? ಅಮೀನತ್ ಅವರು ಕೇಳ್ತಾ ಇದ್ದಾರೆ, ಮುಂದಿನ ಶುಕ್ರವಾರ ಬರಲೋ ಬೇಡ್ವೋ ಅಂತ. ಎಂತ ಹೇಳಲಿ ಅವರಿಗೆ?" ಎಂದಳು. ಹದಿನಾಲ್ಕು ವರ್ಷ ಯಾವ ಸಭೆಯಲ್ಲೂ ಮೈಕು ಬಿಟ್ಟುಕೊಡದ ನಾನು, ಗಾಡಿಯ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲವೆಂದು ಹೇಳಿ ಫೋನ್ ಇಟ್ಟೆ. ಪಟ್ಟು ಹಿಡಿದು ವ್ಯಾನನ್ನು ನಮ್ಮ ಕಟ್ಟಡದ ಕೆಳಗೇ ನಿಲ್ಲಿಸಿದರೆ ಕೊಗ್ಗನ ಬೆರಳು ಉಳಿಯುತ್ತದೆ, ಅಮೀನತ್ ಅವರು ಬರೀ ರಸ್ತೆ ನೋಡುತ್ತಾರೆ. ಅಲ್ಲೇ ಬಿಟ್ಟರೆ ಕೊಗ್ಗನು ವಾರಕ್ಕೆ ನಾಲ್ಕು ಗಂಟೆ ರಿಕವರಿ ಗಾಡಿಯಲ್ಲಿ ಕುಲುಕಬೇಕು, ಕುಲುಕಿದ ಗಾಯ ಒಣಗುವುದಿಲ್ಲವೆಂದು ಬಾಯಿಯವರು ಬೇರೆ ಹೇಳಿಬಿಟ್ಟಿದ್ದಾರೆ. ಇಂಥ ಗೆಲುವನ್ನು ಒಬ್ಬ ಮನುಷ್ಯನ ಕುತ್ತಿಗೆಗೆ ಕಟ್ಟಿದ್ದೀರಲ್ಲ ಎಂಬುದೇ ನನ್ನ ದೂರು.

ಆದರೆ ತಮ್ಮ ಮರುವಿಂಗಡಣೆಯ ಶಾಸ್ತ್ರವನ್ನು ನಾನು ಎರಡು ದಿನ ಕೂತು ಓದಿದೆ. ಅದರಲ್ಲಿ ಬಹಳ ವಿದ್ಯೆ ಉಂಟು. ಯಾವುದರ ಮೇಲೆ ಇಬ್ರಾದ ಪೆಟ್ಟಿಗೆ ಇನ್ನೂರ ಹದಿನೇಳು ಎಂದು ಬರೆದಿದೆಯೋ ಅದು ಇಬ್ರಾ. ನಮ್ಮ ರಿಕವರಿ ಗಾಡಿಯ ಬಾಗಿಲಿನ ಮೇಲೆ ಕೊಗ್ಗನೇ ಹಳದಿ ಬಣ್ಣದಲ್ಲಿ ಗ್ಯಾರೇಜಿನ ಹೆಸರು, ಕೆಳಗೆ ಅದೇ ಪೆಟ್ಟಿಗೆಯ ನಂಬ್ರ, ಅದರ ಕೆಳಗೆ ಇಬ್ರಾ ಎಂದು ಬರೆದಿದ್ದಾನೆ. ಅಕ್ಷರಕ್ಕೆ ನೆರಳು ಕೂಡ ಕೊಟ್ಟಿದ್ದಾನೆ. ಆದಕಾರಣ ಇಬ್ರಾ ಕ್ಷೇತ್ರದ ಚುನಾಯಿತ ಪ್ರತಿನಿಧಿಯಾದ ನಾನು ನನ್ನ ಮೊದಲನೆಯ ಆದೇಶದ ಮೂಲಕ, ಸದರಿ ಗಾಡಿಯು ಎಲ್ಲಿ ನಿಂತರೂ ಅದರ ಒಳಗಿನ ಎರಡು ಸೀಟುಗಳು ಇಬ್ರಾವೇ ಎಂದು ಘೋಷಿಸಿ, ಅದನ್ನು ಪ್ರತಿ ಶುಕ್ರವಾರ ನಮ್ಮ ಕಟ್ಟಡದ ಕೆಳಗೆ ನಿಲ್ಲಿಸಿದ್ದೇನೆ. ಕಳೆದ ಶುಕ್ರವಾರ ಕೊಗ್ಗ ಇಬ್ರಾಕ್ಕೆ ಹತ್ತಿ ಕೂತ. ಮಾರ್ಗರೆಟ್ ಬಾಯಿ ಮೆಟ್ಟಿಲಿಳಿದು ಇಬ್ರಾದ ಬಾಗಿಲು ತೆರೆದು ಪಟ್ಟಿ ಬದಲಿಸಿದರು, ಹತ್ತು ನಿಮಿಷ ಹಿಡಿಯಿತು. ನಂತರ ವ್ಯಾನ್ ಅಮೀನತ್ ಅವರಿದ್ದ ಇನ್ನೊಂದು ಇಬ್ರಾಕ್ಕೆ ಹೊರಟಿತು. ಗಾಯದ ಅಂಚು ಕೆಂಪು ಬಿಟ್ಟು ಗುಲಾಬಿಗೆ ತಿರುಗಿದೆ ಎಂದು ಬಾಯಿಯವರು ಹೇಳಿದ್ದಾರೆ. ಪೈಂಟರಾದ ಕೊಗ್ಗ ಆ ಬಣ್ಣವನ್ನು ಇನ್ನೂ ಒಪ್ಪಿಲ್ಲ.

ಎರಡನೆಯ ಆದೇಶವೇ ನನ್ನ ಕೊನೆಯದು: ಈ ಪತ್ರದ ಜೊತೆ ನನ್ನ ರಾಜೀನಾಮೆ ಇದೆ. ಉಮಾವತಿಯನ್ನು ಅವಳ ಕುರ್ಚಿಗೆ ಮರಳಿ ಕೂರಿಸಬೇಕು. ಮೊದಲನೆಯ ಆದೇಶವನ್ನು ಮುಂದುವರಿಸಲು ಆಕೆ ಒಪ್ಪಿದ್ದಾಳೆ. ಗೆರೆಯನ್ನು ಮತ್ತೆ ಎಳೆಯುವುದು ತಮ್ಮ ಘನತೆಗೆ ಕಡಿಮೆ ಎನಿಸಿದರೆ ಬೇಡ. ಪೆಟ್ಟಿಗೆ ಇನ್ನೂರ ಹದಿನೇಳನ್ನೇ ಒಂಬತ್ತನೆಯ ಕ್ಷೇತ್ರವೆಂದು ಸಾರಿ, ಅದಕ್ಕೆ ಒಂದು ಕಿಟಕಿ, ಒಂದು ಫ್ಯಾನು, ನಲವತ್ತಮೂರು ಜನ ಚಪ್ಪಲಿ ಬಿಡುವಷ್ಟು ಜಾಗವನ್ನು ಮಂಜೂರು ಮಾಡಿದರೂ ಸಾಕು. ಅಲ್ಲಿಂದ ನಿಲ್ಲಲು ನಾನು ಸಿದ್ಧ. ಎದುರಾಳಿ ಇರಲಾರರು, ಒಳಗೆ ಇಬ್ಬರಿಗೆ ಜಾಗವಿಲ್ಲ.

ತಮ್ಮ ನಕ್ಷೆಯ ಯಾವ ಮೂಲೆಯಲ್ಲಿಟ್ಟರೂ ತಮ್ಮ ವಿಶ್ವಾಸಿಯಾಗಿಯೇ ಉಳಿಯುವ,
ಸಿರಾಜುದ್ದೀನ್
ಪ್ರತಿನಿಧಿ (ಮಾಜಿ), ವಾದಿ ಕಬೀರ್
ಪ್ರತಿನಿಧಿ (ಈ ಗೆರೆಯವರೆಗೆ), ಇಬ್ರಾ

ಮರೆತ ಮಾತು: ಒಂದು ತಪ್ಪೊಪ್ಪಿಗೆ ಬಾಕಿ ಉಂಟು. ಹದಿನಾಲ್ಕು ವರ್ಷದ ಹಿಂದೆ ಕೂಟದ ಸದಸ್ಯತ್ವದ ಅರ್ಜಿಗಳು ಬಂದಾಗ, ನನ್ನ ಅಕ್ಷರ ಮುತ್ತಿನ ಹಾಗೆ ಎಂದು ಎಲ್ಲರೂ ಹೇಳಿದ್ದರಿಂದ, ಅಷ್ಟೂ ಅರ್ಜಿಗಳನ್ನು ತುಂಬಿದವನು ನಾನೇ. ವಿಳಾಸದ ಜಾಗದಲ್ಲಿ ನನಗೆ ಬಾಯಿಪಾಠ ಬರುತ್ತಿದ್ದ ಒಂದೇ ನಂಬ್ರವನ್ನು ನಲವತ್ತಮೂರು ಸಲ ಬರೆದೆ. ಆದರೆ ಗ್ಯಾರೇಜಿನಲ್ಲಿ ತಲೆ ಎಣಿಸಿದರೆ ನಲವತ್ತೆರಡೇ. ಮತ ಹಾಕದ ಆ ಒಬ್ಬರು ಯಾರೆಂದು ಹಳೆಯ ಅರ್ಜಿಗಳನ್ನು ತೆಗೆಸಿ ನೋಡಿದೆ. ಊರಿನಿಂದ ಹೊಸದಾಗಿ ಬಂದು, ಕೆಲಸ ಸಿಗುವವರೆಗೆ ನಮ್ಮ ಕೋಣೆಯಲ್ಲಿ ಮೂರು ತಿಂಗಳು ಕೊಗ್ಗನ ಪಕ್ಕದ ಮಂಚದಲ್ಲಿ ಮಲಗಿದ್ದ ಒಬ್ಬ ಯುವಕನ ಅರ್ಜಿ ಅದು, ಹೆಸರು ಆಂಡ್ರ್ಯೂ ಪೊರ್ಬು. ತಾವು ತಮ್ಮ ಈಗಿನ ಕ್ಷೇತ್ರದಿಂದ ಅವಿರೋಧವಾಗಿ ಆಯ್ಕೆಯಾದದ್ದರಿಂದ ಅಲ್ಲಿಯ ಪಟ್ಟಿಯಲ್ಲಿ ತಮ್ಮ ಹೆಸರು ಉಂಟೋ ಇಲ್ಲವೋ ಎಂದು ಯಾರೂ ನೋಡಿರಲಿಕ್ಕಿಲ್ಲ. ನಾನೂ ಯಾರಿಗೂ ಹೇಳುವವನಲ್ಲ, ಇದು ಬಹಿರಂಗ ಪತ್ರವಾದದ್ದು ಬೇರೆ ವಿಷಯ. ತಮಗೂ ಬಿಪಿ ಉಂಟೆಂದು ಕೇಳಿದ್ದೇನೆ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಇಬ್ರಾದ ಎರಡನೆಯ ಸೀಟು ಖಾಲಿ ಉಂಟು, ಕೊಗ್ಗ ಕಾಲು ಸರಿಸಿ ಕೂರುತ್ತಾನೆ.