ಗುಣಪಾಲ ಮಾಷ್ಟ್ರ ಹತ್ತಕ್ಕೆ ಹತ್ತು

ಸಾನಪಾಡಾದಲ್ಲಿ ಲೋಕಲ್ ಹತ್ತುವಾಗ ಗುಣಪಾಲ ಮಾಷ್ಟ್ರ ಒಂದು ಕೈಲಿ ಕಂಬಿ, ಇನ್ನೊಂದರಲ್ಲಿ ಮೊಬೈಲು. ಹೆಬ್ಬೆರಳು ಸ್ವಲ್ಪ ಜಾರಿತು, ಅಷ್ಟೇ. ವಿದ್ಯಾರ್ಥಿಗಳಿಗೆ ಹೋಗಬೇಕಾದ ಸರ್ವೇ ಲಿಂಕು ತಾವಿರೋ ಬಿಲ್ಡಿಂಗಿನ ಕನ್ನಡ ವಾಟ್ಸಾಪ್ ಗ್ರೂಪಿಗೆ ಹೋಯ್ತು.

ಮಾಷ್ಟ್ರು ಮಹಾಪೆಯ ಒಂದು ಖಾಸಗಿ ಯೂನಿವರ್ಸಿಟಿಯಲ್ಲಿ ಟೆಂಪರವರಿ. ಟೆಂಪರ್ ಮಾತ್ರ ಇಲ್ಲದ ಮನುಷ್ಯ. ‘ಈ ಯೂನಿವರ್ಸಿಟಿ ಸೇರಿ ಅಂತ ಬೇರೆಯವರಿಗೆ ಹೇಳ್ತೀರಾ? ಹತ್ತಕ್ಕೆ ಎಷ್ಟು?’ ಅನ್ನೋ ಸರ್ವೇ ಇವರ ಕುತ್ತಿಗೆಗೆ ಬಿದ್ದಿತ್ತು. ಸಂಜೆಯೊಳಗೆ ಸರಾಸರಿ ಎಂಟು ದಾಟಿದ್ರೆ ಅಡ್ಮಿಷನ್ ಆಫೀಸರ್ ಹುದ್ದೆ, ಪರ್ಮನೆಂಟು! ಹೋದ ವರ್ಷ ಬಂದಿದ್ದು ಎರಡು.

ಬಿಲ್ಡಿಂಗಿನವರೋ, ಮಕ್ಕಳ ಡಾನ್ಸು, ರಂಗೋಲಿ ಸ್ಪರ್ಧೆಗಳಿಗೆ ಮೊಬೈಲಲ್ಲಿ ಓಟು ಹಾಕಿ ಹಾಕಿ ಪಳಗಿದವರು. ನಮ್ಮವರ ಲಿಂಕು ಬಂದ್ರೆ ಓದೋದಿಲ್ಲ, ಒತ್ತೋದು.

ರೈಲಿಳಿಯುವಷ್ಟರಲ್ಲಿ ಪಕ್ಕದ ಮನೆಯ ಶಾಂತಮ್ಮನ ಫೋನು. ಮೈಸೂರಿನವರು, ಬ್ಯಾಂಕಿಂದ ರಿಟೈರಾಗಿ ಬಿಲ್ಡಿಂಗಿನ ಉಸಾಬರಿಗೆ ಡ್ಯೂಟಿಗೆ ಸೇರಿದವರು.

"ಹತ್ತು ಒತ್ತಿದೀನಿ ಕಣೋ ಗುಣಪಾಲ! ಹಾಸ್ಟೆಲ್ ಊಟ ಮನೆ ಊಟ ಇದ್ದಂಗಿದೆ ಅಂತಾನೂ ಬರೆದೆ."

"ಅಯ್ಯೋ ಮಾರಾಯ್ರೇ, ಅದು ಸ್ಟೂಡೆಂಟ್ಸಿಗೆ!"

"ನಾವೇನು ದಡ್ಡರಾ? ಸುಮ್ನಿರು, ಡೊಂಬಿವಲಿ ಭಜನಾ ಮಂಡಳಿಗೂ ಕಳಿಸಿದೀನಿ."

ಫೋನಿಟ್ಟರೆ ಬಿಲ್ಡಿಂಗಿನ ವಾಚ್‌ಮನ್ ಶಂಕ್ರೆಪ್ಪನ ಫೋನು. "ಸರ, ನಾನೂ ಹತ್ತು ಕೊಟ್ಟೀನ್ರಿ. ಲ್ಯಾಬ್ ಭಾಳ ಚಲೋ ಐತಿ ಅಂತ ಬರದೀನಿ."

"ಲ್ಯಾಬೇ ಇಲ್ಲ ಮಾರಾಯಾ!"

"ಇಲ್ಲಂದ್ರ ಕೆಡೂದೂ ಇಲ್ಲಲ್ರೀ!"

ಸರಾಸರಿ ಬಾಣಲೆಗೆ ಬಿದ್ದ ಪೂರಿ ಹಾಗೆ ಉಬ್ಬುತ್ತಾ ಹೋಯ್ತು. ಎಂಟು... ಒಂಬತ್ತು... ಒಂಬತ್ತೂ ಮುಕ್ಕಾಲು! ಇನ್ನು ನಿಜವಾದ ವಿದ್ಯಾರ್ಥಿಗಳಿಗೆ ಲಿಂಕು ಕಳಿಸೋ ಧೈರ್ಯ ಮಾಷ್ಟ್ರಿಗೆ ಬರಲಿಲ್ಲ.

ಸಂಜೆ ರಿಜಿಸ್ಟ್ರಾರ್ ಹರಿಶ್ಚಂದ್ರರು ಕರೆಸಿದರು. "ಇದು ನಮ್ಮ ಮಕ್ಕಳೇ ಕೊಟ್ಟದ್ದಾ ಮಾಷ್ಟ್ರೇ?"

ಆ ಹೆಸರಿನವರ ಎದುರು ಸುಳ್ಳು ಹೇಳೋದು ಹೇಗೆ? ಮಾಷ್ಟ್ರು ಎಲ್ಲಾ ಒದರಿಬಿಟ್ಟರು.

ರಿಜಿಸ್ಟ್ರಾರ್ ಕುರ್ಚಿಯಿಂದ ಪುಟಿದೆದ್ದರು. ಸಿಟ್ಟಿಂದಲ್ಲ, ಖುಷಿಯಿಂದ! "ಅಂದ್ರೆ ಒಳಗೆ ಕಾಲಿಡದವರೇ ಇಷ್ಟು ಹೊಗಳಿದ್ರಾ? ಅಡ್ಮಿಷನ್‌ಗೆ ಬೇಕಾದದ್ದೇ ಇದು ಮಾರಾಯ್ರೇ! ಎಲ್ಲರ ಹತ್ರ ಒತ್ತಿಸಿದ್ದು ಯಾರು?"

"ಶಾಂತಮ್ಮನೋರು, ಸರ್."

"ಶಭಾಷ್! ಅವರ ನಂಬರ್ ಕೊಟ್ಟು ಮನೆಗೆ ಹೊರಡಿ. ಆರ್ಡರ್ ಇವತ್ತೇ ಆಗ್ತದೆ!"

ಮಾಷ್ಟ್ರು ನೆಲಕ್ಕೆ ಕಾಲೂರದೆ ಸ್ಟೇಷನ್ ತಲುಪಿದರು. ಅಷ್ಟರಲ್ಲಿ ಫೋನು.

"ಗುಣಪಾಲಾ! ನಿಮ್ಮ ರಿಜಿಸ್ಟ್ರಾರ್ ನನ್ನನ್ನೇ ಅಡ್ಮಿಷನ್ ಆಫೀಸರ್ ಮಾಡಿಬಿಟ್ರು ಕಣೋ!" ಶಾಂತಮ್ಮನ ದನಿ ಪ್ಲಾಟ್‌ಫಾರ್ಮಿಗೆಲ್ಲಾ ಕೇಳುವಂತಿತ್ತು. "ಅಸಿಸ್ಟೆಂಟ್ ಯಾರು ಬೇಕು ಅಂದ್ರು, ನಿನ್ನ ಹೆಸರೇ ಹೇಳಿದೀನಿ. ಪರ್ಮನೆಂಟ್ ಮಾಡೋಕಾಗಲ್ಲ ಅಂತ ಪಾಪ ಸಂಕೋಚ ಪಟ್ಕೊಂಡ್ರು. ನಾನೇ ಹೇಳ್ದೆ, ಅವನೇನೂ ಬೇಜಾರು ಮಾಡ್ಕೊಳಲ್ಲ, ಟೆಂಪರವರಿಯಾಗೇ ಇಟ್ಕೊಳ್ಳಿ ಅಂತ!"