ಮೊದಲು ಮಾತು, ಆಮೇಲೆ ಸಹಿ

ಮಾತಿನ ಹಕ್ಕು, ಮಾಧ್ಯಮದ ಕಾನೂನು ಅಂತ ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ನಮ್ಮ ಕಡೆಯ ಜನ ಎಷ್ಟು ಮನಬಿಚ್ಚಿ ಮಾತಾಡುತ್ತಾರೆ, ಯಾರಿಗೆ ಅಂಜುತ್ತಾರೆ ಎಂದು ಪುಸ್ತಕ ಬರೆಯಲು ಹೊರಟೆ. ಹೋದ ಹೋದಲ್ಲೆಲ್ಲ ನನಗೇ ಪಾಠವಾಯಿತು.

೧. ಪ್ರಶ್ನೆ ಕೇಳುವ ಹಕ್ಕು

ಅಫಜಲಪುರದ ಕಡೆ ವಿದ್ಯಾರ್ಥಿಗಳಿಗೆ ‘ಪ್ರಶ್ನೆ ಕೇಳುವುದು ನಿಮ್ಮ ಹಕ್ಕು’ ಎಂದು ಭಾಷಣ ಮಾಡಿದೆ. ಕೊನೆಗೆ ಮೈಕನ್ನು ಅವರ ಕಡೆ ಚಾಚಿದೆ.

“ಅಂಜಬ್ಯಾಡ್ರಿ, ಕೇಳ್ರಿ” ಅಂದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ಸರ್, ಎರಡು ತಾಸಿನಿಂದ ನೀವೇ ಮಾತಾಡಾಕತ್ತೀರಿ. ನಾವು ಯಾವಾಗ ಕೇಳೋಣ್ರಿ? ಈಗ ನಮ್ಮ ಬಸ್ ಬಂತು.”

೨. ಬಾಯಿ ಮುಚ್ಚಿಸಿದವರು

ಜೇವರ್ಗಿಯ ಬಟ್ಟೆ ಅಂಗಡಿಯ ಸಾಹೇಬರು ನನ್ನನ್ನು ಮನೆಗೆ ಕರೆದೊಯ್ದರು. ಮನೆಮಂದಿಯ ವಾಟ್ಸ್ಯಾಪ್ ಗುಂಪಿನಿಂದ ಅವರನ್ನು ತೆಗೆದುಹಾಕಿದ್ದರಂತೆ.

“ದಿನಾ ಮುಂಜಾನಿ ಹತ್ತು ಒಳ್ಳೆ ಮಾತು ಕಳಸ್ತೇನ್ರಿ. ನನ್ನ ಬಾಯಿ ಮುಚ್ಚಿಸ್ಯಾರ. ಕೇಸ್ ಹಾಕಬೇಕು.”

“ಸರ್ಕಾರ ಬಾಯಿ ಮುಚ್ಚಿಸಿದರೆ ಹಕ್ಕಿನ ಪ್ರಶ್ನೆ ಬರ್ತದ. ಇಲ್ಲಿ ತೆಗೆದವರು ಯಾರು?”

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. “ನಮ್ಮ ಮನಿಯಾಕಿ. ಹಂಗಂದ್ರ ಸರ್ಕಾರನೇ ಆತಲ್ರಿ!”

ಅಷ್ಟರಲ್ಲಿ ಸರ್ಕಾರ ನಗುತ್ತಾ ಚಹಾ ತಂದಿತು.

೩. ಆಯಿಯ ಹೆಸರು

ಆಳಂದದ ಕಡೆಯ ಹಳ್ಳಿಯೊಂದರಲ್ಲಿ ಎಪ್ಪತ್ತೈದು ದಾಟಿದ ಆಯಿಯೊಬ್ಬಳಿದ್ದಳು. ಮಾತಾಡುವ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು ನಮ್ಮ ನಿಯಮ. ಆಯಿ ಕಾಗದ ದೂರ ಸರಿಸಿದಳು.

“ಗ್ರಾಮಸಭಾಕ್ಕ ಹೋದ್ರ ಬಾಗಿಲದಾಗೇ ಸಹಿ ತಗೊಂಡು, ‘ಚಾ ಕುಡದು ಮನಿಗ್ ಹೋಗಬೇ’ ಅಂತಾರ. ನಮ್ಮ ಓಣಿಗೆ ನಳ ಕೇಳಬೇಕಂತ ವರ್ಷಾ ವರ್ಷಾ ಹೋಗ್ತೇನಿ. ಒಮ್ಮೆರ ಬಾಯಿ ತಗೀಲಾಕ ಬಿಟ್ಟಿಲ್ಲ. ಮೊದಲು ಕೇಳು ತಮ್ಮಾ, ಆಮ್ಯಾಲ ಸಹಿ.”

ಕೇಳಿದೆ. ಪಂಚಾಯಿತಿ ಅಧ್ಯಕ್ಷನನ್ನು ಒಂದು ತಾಸು ಜಾಡಿಸಿದಳು.

“ಚಿಂತಿ ಬ್ಯಾಡ ಆಯಿ, ಪುಸ್ತಕದಾಗ ನಿನ್ನ ಹೆಸರು ಹಾಕಂಗಿಲ್ಲ” ಅಂದೆ.

ಆಯಿಯ ಮುಖ ಬಾಡಿತು. “ಒಬ್ಬವ ಕೇಳಾಕ ಬಂದಿ. ನೀನೂ ನನ್ನ ಹೆಸರು ತಗದು ಒಗೀತಿಯೇನು?”

ಹೆಸರು ಮುಚ್ಚಿಡುವ ನಿಯಮ ಬದಿಗಿಟ್ಟು, ಅವಳ ಹೆಸರನ್ನು ದಪ್ಪ ಅಕ್ಷರದಲ್ಲೇ ಹಾಕುತ್ತೇನೆಂದು ಮಾತು ಕೊಟ್ಟೆ. ಆಯಿ ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ತಿದ್ದಿ ಸಹಿ ಮಾಡಿದಳು. ಆಮೇಲೆ ನನ್ನ ಕೈ ಹಿಡಿದಳು.

“ಆದ್ರ ಅಧ್ಯಕ್ಷನ ಹೆಸರು ಮಾತ್ರ ಬರೀಬ್ಯಾಡಪ್ಪಾ.”

“ಯಾಕ ಆಯಿ, ಅಂಜಿಕೇನು?”

“ಅವನಿಗ್ಯಾಕ ಅಂಜಲಿ? ನನ್ನ ತಮ್ಮನ ಮಗ. ಎತ್ತಿ ಆಡ್ಸೀನಿ. ನಾಕ್ ಮಂದ್ಯಾಗ ಕೂಸಿನ ಮರ್ಯಾದಿ ಹೋಗಬಾರದು.”

“ಕೂಸಿಗೆ ವಯಸ್ಸೆಷ್ಟು?”

“ಮೊನ್ನಿ ಐವತ್ತೆರಡು ತುಂಬಿದವು.”