ಪಕ್ಕದ ಮನೆಯ ಬೆಂಕಿ

“ಕ್ರಿಸ್‌ಮಸ್ ಮರಕ್ಕೆ ಈ ಸಲವೂ ನಿಜವಾದ ಮೇಣದ ಬತ್ತಿಯೇ! ಕರೆಂಟಿನ ದೀಪ ಹೆದರುಪುಕ್ಕಲರಿಗೆ!” ಎಂದು ಇಗ್ನಾಜ್ ಎದೆ ತಟ್ಟಿ ಘೋಷಿಸಿದ.

ಆಸ್ಟ್ರಿಯಾದ ಆ ಹಳ್ಳಿಯಲ್ಲಿ ಊರವರೇ ಸೇರಿ ನಡೆಸುವ ಅಗ್ನಿಶಾಮಕ ದಳಕ್ಕೆ ಅವನೇ ದಳಪತಿ. ತನ್ನ ಶಿರಸ್ತ್ರಾಣ ಕಂಡರೆ ಸಾಕು, ಬೆಂಕಿ ಕ್ಷಮೆ ಕೇಳಿ ತಾನಾಗಿಯೇ ಆರಿಹೋಗುತ್ತದೆಂದು ಅವನ ನಂಬಿಕೆ. ಜನವರಿಯಲ್ಲಿ ದಳಪತಿಯ ಚುನಾವಣೆ ಬೇರೆ. ಆ ಶಿರಸ್ತ್ರಾಣದ ಮೇಲೆ ಉಪದಳಪತಿ ವೆಂಜೆಲ್ ಕಣ್ಣಿಟ್ಟು ಯುಗಗಳೇ ಕಳೆದಿದ್ದವು.

ಪ್ರತಿ ಡಿಸೆಂಬರಿನಂತೆ ಇಗ್ನಾಜ್ ಊರವರನ್ನೆಲ್ಲ ಕೂಡಿಸಿ ಭಾಷಣ ಬಿಗಿದ.

“ಈ ಹಬ್ಬಕ್ಕೆ ನಮ್ಮನೆ ಮರಕ್ಕೆ ಬೆಂಕಿ ಬೀಳಬಹುದು ಅನ್ನೋರು ಕೈ ಎತ್ತಿ!”

ಒಂದು ಕಿರುಬೆರಳೂ ಮೇಲೇಳಲಿಲ್ಲ.

“ಪಕ್ಕದ ಮನೆಗೆ ಬೀಳಬಹುದು ಅನ್ನೋರು?”

ಸಭೆ ಕೈಗಳ ಕಾಡಾಯಿತು! ಓಟ್ಟಿಲೀ ಅಜ್ಜಿಯಂತೂ ಎರಡೂ ಕೈ ಎತ್ತಿದ್ದಳು.

“ಎರಡು ಯಾಕಜ್ಜಿ?”

“ನಂಗೆ ಎಡಗಡೆಗೂ ಪಕ್ಕದ ಮನೆ ಇದೆ, ಬಲಗಡೆಗೂ ಇದೆಯಲ್ಲಪ್ಪಾ!”

ಇಗ್ನಾಜ್ ಹೊಟ್ಟೆ ಹಿಡಿದು ನಕ್ಕ. ಎಡಗಡೆಯ ಮನೆ ತನ್ನದೇ ಎಂಬುದು ಆ ನಗುವಿನಲ್ಲಿ ಕೊಚ್ಚಿಹೋಯಿತು. “ನೋಡಿದ್ರಾ? ಎಲ್ಲಾರೂ ಹೀಗೇ ಅಂದ್ಕೊಳ್ಳೋದು! ತೆಪ್ಪಗೆ ಮರದ ಪಕ್ಕ ಒಂದು ಬಕೆಟ್ ನೀರಿಡಿ!”

ಮನೆಗೆ ಬರುವಾಗ ಹೆಂಡತಿ ರೋಸ್ವಿತಾ ಕೇಳಿದಳು. “ರೀ, ನಮ್ಮನೆಗೆ ಅಂದಾಗ ನೀವೂ ಕೈ ಎತ್ತಲಿಲ್ವಲ್ಲ?”

“ನಾನಾ? ದಳಪತಿ ಕಣೇ ನಾನು! ಬೆಂಕಿಗೂ ದೊಡ್ಡೋರು ಚಿಕ್ಕೋರು ಅನ್ನೋದು ಬೇಡ್ವಾ?”

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಬಂತು. ಇಗ್ನಾಜ್ ಎಲ್ಲರಿಗಿಂತ ಮೊದಲೇ ತಂದು ನಿಲ್ಲಿಸಿದ್ದ ಮರ ಎಷ್ಟು ಒಣಗಿತ್ತೆಂದರೆ, ಆಚೆ ಬೀದಿಯಲ್ಲಿ ಯಾರಾದರೂ ಸೀನಿದರೆ ಇಲ್ಲಿ ಮೊರದ ತುಂಬ ಎಲೆ ಉದುರುತ್ತಿತ್ತು. ಅಲ್ಲಿನ ರೂಢಿಯಂತೆ ಹಬ್ಬದೂಟದ ಕಾರ್ಪ್ ಮೀನು ಬೆಳಗಿನಿಂದ ಸ್ನಾನದ ತೊಟ್ಟಿಯಲ್ಲಿ ಜೀವಂತ ಈಜಾಡುತ್ತಿತ್ತು. ಅದನ್ನು ಕೊಲ್ಲುವುದು ಯಜಮಾನನ ಕೆಲಸ. ಜ್ವಾಲೆಗೆ ಹೆದರದ ನಮ್ಮ ವೀರ ಆ ಮೀನಿನ ಕಣ್ಣಿಗೆ ಹೆದರಿ, “ಹಬ್ಬದ ಹಾಡು ಮುಗೀಲಿ, ಆಮೇಲೆ” ಎಂದು ಮುಂದೂಡುತ್ತಲೇ ಇದ್ದ. ಕೊನೆಗೆ ತಾನು ಮೀಯಬೇಕಾದಾಗ ಅದನ್ನು ಬಕೆಟ್ಟಿಗೆ ವರ್ಗಾಯಿಸಿದ್ದ.

“ರೀ, ಮರಕ್ಕಿಡೋ ಬಕೆಟ್ ಎಲ್ಲಿ?”

“ಅದ್ರಲ್ಲಿ ಮೀನು ಕೂತಿದೆ.”

“ಮೀನಿನ ಸಮೇತ ತನ್ನಿ.”

“ಯಾಕೆ, ಅದೂ ಹಾಡಬೇಕಾ?”

ರೋಸ್ವಿತಾ ತಾನೇ ಹೊತ್ತು ತಂದು ಮರದ ಬುಡದಲ್ಲಿಟ್ಟಳು.

ಬತ್ತಿ ಹಚ್ಚಿದ್ದಾಯಿತು. ಇಗ್ನಾಜನ ಅತ್ತೆ ಪಂಚ್ ಎಂಬ ಬಿಸಿ ಪಾನೀಯದ ಲೋಟ ಹಿಡಿದು ಸೋಫಾದಲ್ಲಿ ವಿರಾಜಮಾನಳಾದಳು. ಹಾಡಿನ ಎರಡನೆಯ ಚರಣದಲ್ಲಿ ಇಗ್ನಾಜ್ ತಾರಸ್ಥಾಯಿಗೆ ನೆಗೆದ. ಆ ಉಸಿರಿಗೆ ಬತ್ತಿಯ ಜ್ವಾಲೆ ಬಾಗಿ ಪಕ್ಕದ ಕೊಂಬೆಯನ್ನು ಮುದ್ದಿಸಿತು. ಭಗ್!

“ಯಾರೂ ಗಾಬರಿ ಆಗ್ಬೇಡಿ!” ಎಂದು ಗಾಬರಿಯಿಂದ ಕಿರುಚಿ ಇಗ್ನಾಜ್ ಬಕೆಟ್ ಎರಚಿದ. ನೀರೆಲ್ಲ ಗೋಡೆಗೆ ಹೋಯಿತು. ಮೀನು ಸರ್ಕಸ್ಸಿನ ಸಿಂಹದಂತೆ ಜ್ವಾಲೆಯ ನಡುವೆ ಹಾರಿ ಅತ್ತೆಯ ಮಡಿಲಲ್ಲಿ ಬಿತ್ತು.

“ಅಳಿಯಂದಿರೇ, ಬೇಯಿಸಿಯಾದ್ರೂ ಬಡಿಸಬಾರದಾ!” ಎಂದು ಚೀರಿದ ಅತ್ತೆ ಕೈಲಿದ್ದ ಪಂಚ್ ಅನ್ನು ಮರಕ್ಕೆ ಎರಚಿದಳು. ಅರ್ಧಕ್ಕರ್ಧ ರಮ್ಮು! ಬೆಂಕಿ ಕುಡಿದು ಕುಣಿಯತೊಡಗಿತು.

“ಜರುಗ್ರೀ!” ರೋಸ್ವಿತಾ ಅಂಗಳದ ಬಾಗಿಲು ತೆರೆದು, ಮರದ ಬುಡಕ್ಕೆ ಒಂದೇ ಒಂದು ಒದೆ ಕೊಟ್ಟಳು. ಮರ ಹಿಮದಲ್ಲಿ ಬಿದ್ದು, ಊರಿಗೆಲ್ಲ ಕಾಣುವಂತೆ ಒಮ್ಮೆ ಧಗಧಗಿಸಿ, ಬುಸ್ ಎಂದು ಆರಿತು. ಹೋದದ್ದು ಒಂದು ಪರದೆ ಮತ್ತು ಇಗ್ನಾಜನ ಎರಡು ಹುಬ್ಬು.

“ಆರಿಹೋಯ್ತಲ್ಲ, ಬಿಡು. ವೆಂಜೆಲ್ ಕಿವಿಗೆ ಬಿದ್ರೆ ನನ್ನ ದಳಪತಿಗಿರಿ ಹೋದ ಹಾಗೇ. ಬಾಯಿ ಬಿಡಬೇಡ!” ಎಂದು ಅವನು ಅನ್ನುವಷ್ಟರಲ್ಲಿ ಊರಿನ ಸೈರನ್ ಕೂಗಿತು.

ಸೈರನ್ ಕೇಳಿದರೆ ಇಗ್ನಾಜನ ಕಾಲು ಅವನನ್ನು ಕೇಳುವುದಿಲ್ಲ. “ಅಯ್ಯೋ ಪಾಪ, ಯಾರ ಮನೆಗೋ ಬೆಂಕಿ ಬಿತ್ತು! ಬಡ್ಕೊಂಡೆ, ಕೇಳಿದ್ರಾ ಯಾರಾದ್ರೂ?” ಶಿರಸ್ತ್ರಾಣ ಏರಿಸಿ ಓಡಿದ. “ರೀ! ರೀ!” ಎಂದ ರೋಸ್ವಿತಾಳ ಕೂಗು ಸೈರನ್ನಿನಲ್ಲಿ ಮುಳುಗಿತು.

ದಳದ ಲಾರಿಯ ಮುಂದಿನ ಸೀಟಿಗೆ ಹಾರಿ ಕೂತು ಗುಡುಗಿದ. “ಹೊರಡಲಿ! ಯಾರ ಮನೆಯಂತೆ?”

ವೆಂಜೆಲ್ ಅವನ ಹುಬ್ಬಿರಬೇಕಾದ ಜಾಗವನ್ನೇ ದಿಟ್ಟಿಸಿದ. “ಓಟ್ಟಿಲೀ ಅಜ್ಜಿ ಫೋನ್ ಮಾಡಿದ್ರು. ಪಕ್ಕದ ಮನೆಯಂತೆ.”

“ಎಡಗಡೇದೋ ಬಲಗಡೇದೋ?”

“ಎಡಗಡೇದು, ದಳಪತಿಗಳೇ.”

“ಪಾಪ, ಯಾರೋ ಏನೋ! ಜೋರಾಗಿ ಬಿಡ್ರೋ!”

ಲಾರಿ ತನ್ನದೇ ಮನೆಯ ಗೇಟಿನೆದುರು ನಿಂತಾಗಲೇ ಅವನಿಗೆ ಜ್ಞಾನೋದಯವಾದದ್ದು. ಗೇಟಿನ ಬಳಿ ಓಟ್ಟಿಲೀ ಅಜ್ಜಿ ಒಂದು ಕೈ ಎತ್ತಿ ನಿಂತಿದ್ದಳು. “ಒಂದು ಕಡೆ ಆಯ್ತು. ಇನ್ನೊಂದು ಕಡೇದು ಬಾಕಿ!”

ಚುನಾವಣೆಯ ದಿನ ಇಗ್ನಾಜ್ ಶಿರಸ್ತ್ರಾಣ ಒಪ್ಪಿಸಲೆಂದೇ ಹೋದ. “ಸ್ವಂತ ಮನೆ ಕಾಯೋಕಾಗದೋರು...” ಎಂದು ವೆಂಜೆಲ್ ಗಂಟಲು ಸರಿಪಡಿಸಿಕೊಂಡದ್ದೇ ತಡ, ದಳವೆಲ್ಲ ಅವನನ್ನು ಕೂರಿಸಿತು. “ಏ ಸುಮ್ನಿರಪ್ಪ! ಇಗ್ನಾಜ್ ಮನೆಗೆ ಬಿದ್ದು ಊರಿನ ಪಾಲಿನ ಬೆಂಕಿ ತೀರಿಹೋಯ್ತು. ಇನ್ನು ನಮಗ್ಯಾರಿಗೂ ಬೀಳಲ್ಲ. ಇಂಥಾ ದಳಪತಿ ಎಲ್ಲಿ ಸಿಗ್ತಾರೆ?” ಮತ್ತೆ ಕೈಗಳ ಕಾಡು!

ಮನೆಯತ್ತ ನಡೆಯುವಾಗ ಇಗ್ನಾಜನ ಎದೆ ಮತ್ತೆ ಉಬ್ಬಿತು. “ನೋಡಿದ್ಯಾ? ಒಂದ್ಸಲ ಬಿದ್ದ ಮನೆಗೆ ಇನ್ನು ಬೀಳಲ್ಲ ಕಣೇ! ಬರೋ ವರ್ಷ ಇನ್ನೂ ಎತ್ತರದ ಮರ, ಇನ್ನೂ ಜಾಸ್ತಿ ಬತ್ತಿ!”

ರೋಸ್ವಿತಾ ಗಕ್ಕನೆ ನಿಂತಳು. ನಡುಬೀದಿಯಲ್ಲೇ, “ನಮ್ಮನೆಗೆ ಬೀಳಬಹುದು” ಎನ್ನುವಂತೆ ಎರಡೂ ಕೈ ಎತ್ತಿದಳು.

ಇಗ್ನಾಜ್ ಅತ್ತಿತ್ತ ನೋಡಿದ. ಅವನ ಬಲಗೈಯೂ ಮೆಲ್ಲಗೆ ಮೇಲೇರಿತು. ಹುಬ್ಬು ತುರಿಸಿಕೊಳ್ಳುತ್ತಿದ್ದೇನೆ ಎನ್ನೋಣವೆಂದರೆ, ಹುಬ್ಬೇ ಇರಲಿಲ್ಲ!